ಬರೆದದ್ದೂ ಚಿತ್ರ, ಬಿಡಿಸಿದ್ದೂ ಬರಹ: ಎಟೆಲ್ ಅದ್ನಾನ್ ಬಗ್ಗೆ ಓದುಗರು ಕೇಳಿದ್ದು

ಕಳೆದ ಸಂಚಿಕೆಯ ಕಲಾಪುಟದಲ್ಲಿ ಅಂಗೈಯಷ್ಟಗಲದ ಒಂದು ಬೆಟ್ಟದ ಚಿತ್ರವನ್ನು ಅಚ್ಚುಮಾಡಿದ್ದೆವು. ಅದರಡಿ ನಾಲ್ಕು ಸಾಲಿನ ಟಿಪ್ಪಣಿಯಿತ್ತು: ಬೈರೂತಿನಲ್ಲಿ ಹುಟ್ಟಿ, ಬಹುಕಾಲ ಕ್ಯಾಲಿಫೋರ್ನಿಯಾದಲ್ಲಿ ಬಾಳಿ, ಪ್ಯಾರಿಸ್ಸಿನಲ್ಲಿ ತೀರಿಕೊಂಡ ಎಟೆಲ್ ಅದ್ನಾನ್ (1925–2021) ಕವಿಯೂ ಚಿತ್ರಕಲಾವಿದೆಯೂ ಆಗಿದ್ದರು, ಫ್ರೆಂಚ್ ಮತ್ತು ಇಂಗ್ಲಿಷಿನಲ್ಲಿ ಬರೆದರು, ಅರಬ್ಬಿಯಲ್ಲಿ ಚಿತ್ರ ಬರೆಯುತ್ತೇನೆ ಎಂದರು, ಎಂಬತ್ತೇಳನೆಯ ವಯಸ್ಸಿನಲ್ಲಿ ಜಗತ್ತಿನ ಕಲಾವಲಯ ಅವರತ್ತ ಕಣ್ಣೆತ್ತಿ ನೋಡಿತು. ಇಷ್ಟಕ್ಕೆ ಬಂದ ಪತ್ರಗಳು ನಮ್ಮ ನಿರೀಕ್ಷೆಗಿಂತ ಹೆಚ್ಚು. ಟಿಪ್ಪಣಿ ಅಷ್ಟು ಮೊಟಕಾಗಿದ್ದದ್ದು ನಮ್ಮದೇ ತಪ್ಪಾದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿ ಅವರಿಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ‘ಅರಬ್ಬಿಯಲ್ಲಿ ಚಿತ್ರ ಬರೆಯುತ್ತೇನೆ’ ಎಂದರೆ ಏನು? ಬಣ್ಣಕ್ಕೆ ಭಾಷೆಯುಂಟೆ? ಇದು ಕೇಳುವುದಕ್ಕೆ ಚೆಂದವಾಗಿರುವ ಬರಿಯ ಚಮತ್ಕಾರದ ಮಾತಲ್ಲವೇ?
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಚಮತ್ಕಾರವಲ್ಲ. ಆ ಮಾತಿನ ಹಿಂದೆ ಒಂದು ಮನೆ, ಒಂದು ಶಾಲೆ ಮತ್ತು ಒಂದು ಯುದ್ಧ ಇವೆ. ಅದ್ನಾನರ ತಾಯಿ ಸ್ಮಿರ್ನಾ, ಅಂದರೆ ಇಂದಿನ ಟರ್ಕಿಯ ಇಜ್ಮಿರ್ ನಗರದ ಗ್ರೀಕ್ ಕ್ರೈಸ್ತರು. ತಂದೆ ಡಮಾಸ್ಕಸ್ಸಿನಲ್ಲಿ ಹುಟ್ಟಿದ ಮುಸ್ಲಿಮರು, ಒಟ್ಟೊಮನ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. ಮೊದಲನೆಯ ಮಹಾಯುದ್ಧದಲ್ಲಿ ಆ ಸಾಮ್ರಾಜ್ಯವೇ ಮುಳುಗಿಹೋಯಿತು, 1922ರಲ್ಲಿ ಸ್ಮಿರ್ನಾ ಬೆಂಕಿಗೆ ಆಹುತಿಯಾಯಿತು, ದಂಪತಿ ಬೈರೂತಿನಲ್ಲಿ ನೆಲೆಸಿದರು. ಆದ್ದರಿಂದ ಮಗಳು ಹುಟ್ಟುವ ಹೊತ್ತಿಗೇ ಅದು ವಲಸೆ ಬಂದವರ ಮನೆಯಾಗಿತ್ತು. ಮನೆಯೊಳಗಿನ ಮಾತು ಟರ್ಕಿಶ್ ಮತ್ತು ಗ್ರೀಕ್, ಬೀದಿಯ ಮಾತು ಅರಬ್ಬಿ, ಮಗುವನ್ನು ಸೇರಿಸಿದ್ದು ಫ್ರೆಂಚ್ ಸನ್ಯಾಸಿನಿಯರ ಶಾಲೆಗೆ. ಲೆಬನಾನ್ ಆಗ ಫ್ರೆಂಚರ ಆಡಳಿತದಲ್ಲಿತ್ತು. ಶಾಲೆಯಲ್ಲಿ ಮಕ್ಕಳು ಅರಬ್ಬಿ ಆಡಿ ಸಿಕ್ಕಿಬಿದ್ದರೆ ಶಿಕ್ಷೆಯಾಗುತ್ತಿತ್ತು.

ಮಗಳಿಗೆ ಅರಬ್ಬಿ ದಕ್ಕುತ್ತಿಲ್ಲವೆಂದು ಕಂಡ ತಂದೆ ಒಂದು ವ್ಯಾಕರಣ ಪುಸ್ತಕವನ್ನು ಮುಂದಿಟ್ಟು, ಅದನ್ನು ನೋಡಿ ಬರೆಯಲು ಹಚ್ಚಿದರು. ಹುಡುಗಿ ಮೇಜಿನ ಮುಂದೆ ಕೂತು ಸಾಲಿನ ಮೇಲೆ ಸಾಲು ನಕಲು ಮಾಡಿದಳು. ಯಾವ ಅಕ್ಷರ ಎಲ್ಲಿ ಬಳುಕಬೇಕು, ಚುಕ್ಕಿ ಎಲ್ಲಿ ಕೂರಬೇಕು ಎಂಬುದು ಕೈಗೆ ತಿಳಿಯಿತು. ಸಾಲು ಏನು ಹೇಳುತ್ತಿದೆ ಎಂಬುದು ಬಹುಮಟ್ಟಿಗೆ ತಿಳಿಯಲಿಲ್ಲ. ಅರ್ಥ ಗೊತ್ತಿಲ್ಲದೆ ಅಮರಕೋಶವನ್ನು ಬಾಯಿಪಾಠ ಮಾಡಿದ ಹಿರಿಯರು ನಮ್ಮ ಮನೆಗಳಲ್ಲಿ ಇದ್ದರಷ್ಟೆ. ಅವರ ಕಿವಿಗೆ ಅಂಟಿಕೊಂಡ ಹಾಗೆ ಈ ಹುಡುಗಿಯ ಬೆರಳಿಗೆ ಒಂದು ಭಾಷೆ ಅಂಟಿಕೊಂಡಿತು.

ಮುಂದೆ 1949ರಲ್ಲಿ ವಿದ್ಯಾರ್ಥಿವೇತನ ಪಡೆದು ತತ್ತ್ವಶಾಸ್ತ್ರ ಓದಲು ಪ್ಯಾರಿಸ್ಸಿಗೆ ಹೋದರು, 1955ರಲ್ಲಿ ಅಮೆರಿಕಕ್ಕೆ ತೆರಳಿ ಬರ್ಕ್ಲಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳಲ್ಲಿ ಓದು ಮುಂದುವರಿಸಿದರು, 1958ರಿಂದ ಕ್ಯಾಲಿಫೋರ್ನಿಯಾದ ಸಾನ್ ರಾಫೆಲ್ ಊರಿನ ಡೊಮಿನಿಕನ್ ಕಾಲೇಜಿನಲ್ಲಿ ಕಲೆಯ ತತ್ತ್ವಶಾಸ್ತ್ರವನ್ನು ಪಾಠ ಹೇಳತೊಡಗಿದರು. ಅದೇ ಕಾಲಕ್ಕೆ ಅಲ್ಜೀರಿಯಾದ ಜನ ಫ್ರೆಂಚರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಕಾದಾಡುತ್ತಿದ್ದರು (1954–62). ತಾನು ಕವಿತೆ ಬರೆಯುತ್ತಿದ್ದ ಭಾಷೆಯೇ ಅಲ್ಲಿ ಅರಬರನ್ನು ತುಳಿಯುತ್ತಿರುವವರ ಭಾಷೆ ಎಂಬ ಅರಿವು ಅವರ ಲೇಖನಿಯನ್ನು ತಡೆಯಿತು. ಫ್ರೆಂಚಿನಲ್ಲಿ ಬರೆಯಲು ಮನಸ್ಸು ಬಾರದು. ಅರಬ್ಬಿಯಲ್ಲಿ ಬರೆಯೋಣವೆಂದರೆ ಅಷ್ಟು ಭಾಷೆ ಬಾರದು. ಚಿತ್ರಕಲೆ ಕೈಗೆ ಸಿಕ್ಕಿದ್ದು ಈ ಇಕ್ಕಟ್ಟಿನಲ್ಲಿ. ಇನ್ನು ಫ್ರೆಂಚಿನಲ್ಲಿ ಬರೆಯಬೇಕಾಗಿಲ್ಲ, ಅರಬ್ಬಿಯಲ್ಲಿ ಚಿತ್ರ ಬರೆಯಬಹುದು ಎಂದು ಅವರು ನೆನೆದದ್ದು ಆಗ. ಅನ್ಯಭಾಷೆಯಲ್ಲಿ ಬರೆಯುವುದರ ಕುರಿತಾದ ತಮ್ಮ ಪ್ರಬಂಧವೊಂದರಲ್ಲಿ ಈ ತಿರುವನ್ನು ಅವರೇ ವಿವರಿಸಿದ್ದಾರೆ.

ತಮಿಳು ಮನೆಮಾತಿನ ಮಾಸ್ತಿ, ಮರಾಠಿ ಮನೆಮಾತಿನ ಬೇಂದ್ರೆ ಕನ್ನಡದಲ್ಲಿ ಬರೆದದ್ದನ್ನು ಕಂಡ ನಮಗೆ ‘ಮನೆಮಾತಲ್ಲದ ಭಾಷೆಯಲ್ಲಿ ಬರೆದರೆ ಏನಾಯಿತು’ ಎನ್ನಿಸಬಹುದು. ಆದರೆ ಕನ್ನಡ ಅವರು ಬಾಳಿದ ನೆಲದ ಮಾತಾಗಿತ್ತು. ಅದ್ನಾನರ ಪಾಲಿಗೆ ನೆಲದ ಮಾತು ಒಂದು, ದಂಡದ ಭಯದಲ್ಲಿ ಕಲಿತದ್ದು ಇನ್ನೊಂದು. ಇನ್ನು ಅವರ ಆ ಮಾತು ಕನ್ನಡದ ಕಿವಿಗೆ ವಿಚಿತ್ರವೆನಿಸಬೇಕಾಗಿಯೂ ಇಲ್ಲ: ನಾವು ಕಾಗದವನ್ನೂ ಬರೆಯುತ್ತೇವೆ, ಕವಿತೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ, ಮೂರಕ್ಕೂ ನಮ್ಮಲ್ಲಿರುವುದು ಒಂದೇ ಕ್ರಿಯಾಪದ.

ಪ್ರಶ್ನೆ: ಕಲಾಶಾಲೆಯ ಮೆಟ್ಟಿಲು ಹತ್ತದವರು ಮೂವತ್ತು ದಾಟಿದ ಮೇಲೆ ಚಿತ್ರಕಲಾವಿದೆಯಾಗುವುದು ಹೇಗೆ ಸಾಧ್ಯವಾಯಿತು? ಅವರು ಕೆಲಸ ಮಾಡುತ್ತಿದ್ದ ಬಗೆಯನ್ನು ತಿಳಿಸಿ.
— ಚಿತ್ರಕಲಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಬ್ಬ ಸಹೋದ್ಯೋಗಿ ಕೇಳಿದ ಎರಡು ಪ್ರಶ್ನೆಗಳಿಂದ. ಅದೇ ಕಾಲೇಜಿನ ಚಿತ್ರಕಲಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಆನ್ ಓಹ್ಯಾನ್ಲನ್, ಸ್ವತಃ ಚಿತ್ರ ಬರೆಯದೆ ಕಲೆಯ ತತ್ತ್ವವನ್ನು ಪಾಠ ಹೇಳುವುದು ಹೇಗೆ ಎಂದು ಒಮ್ಮೆ ವಿಚಾರಿಸಿದರಂತೆ. ತನ್ನ ಕೈ ಒಡ್ಡೊಡ್ಡು ಎಂದು ತಾಯಿ ಹೇಳುತ್ತಿದ್ದರೆಂದು ಅದ್ನಾನ್ ಉತ್ತರಿಸಿದರು. ‘ನೀವು ಅದನ್ನು ನಂಬಿಬಿಟ್ಟಿರಾ?’ ಎಂಬುದು ಎರಡನೆಯ ಪ್ರಶ್ನೆ. ಆಮೇಲೆ ಉಳಿಕೆ ಕ್ಯಾನ್ವಾಸಿನ ತುಂಡುಗಳೂ ಬಣ್ಣವೂ ಕೈಗೆ ಬಂದವು. ಅದ್ನಾನ್ ಮುಂದೆ ಹಲವು ಸಂದರ್ಶನಗಳಲ್ಲಿ ಈ ಪ್ರಸಂಗವನ್ನು ಹೇಳಿದ್ದಾರೆ.

ಕೆಲಸದ ಬಗೆಯನ್ನು ನೀವು ಗಮನವಿಟ್ಟು ನೋಡಬೇಕು, ಏಕೆಂದರೆ ಅದು ಚಿತ್ರಕಾರರ ಪದ್ಧತಿಗಿಂತ ಬರಹಗಾರರ ಪದ್ಧತಿಗೆ ಹತ್ತಿರವಾದದ್ದು. ಈಸೆಲ್ ಮುಂದೆ ನಿಂತು ಅವರು ಕೆಲಸ ಮಾಡುತ್ತಿರಲಿಲ್ಲ. ಕ್ಯಾನ್ವಾಸನ್ನು ಕಾಗದದ ಹಾಗೆ ಮೇಜಿನ ಮೇಲೆ ಅಡ್ಡ ಮಲಗಿಸಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದರು. ಬಹಳಷ್ಟು ಕ್ಯಾನ್ವಾಸುಗಳು ಒಂದು ಪುಸ್ತಕವನ್ನು ಬಿಚ್ಚಿಟ್ಟಷ್ಟೇ ಅಗಲ. ಟ್ಯೂಬಿನಿಂದ ನೇರವಾಗಿ ಹಿಂಡಿದ ತೈಲವರ್ಣವನ್ನು ಪ್ಯಾಲೆಟ್ ಚಾಕುವಿನಿಂದ ಒಂದೊಂದು ಪಟ್ಟಿಯಾಗಿ ಎಳೆಯುತ್ತಿದ್ದರು, ರೊಟ್ಟಿಗೆ ಬೆಣ್ಣೆ ಸವರಿದಂತೆ. ಬಣ್ಣಕ್ಕೆ ಬಣ್ಣ ಬೆರೆಸಿ ನೆರಳು ತೆಗೆಯುವ ಕೆಲಸ ಅಲ್ಲಿ ಕಡಿಮೆ. ಹಳದಿಯಾಗಿಯೇ ಉಳಿದ ಹಳದಿ, ಅದರ ಅಂಚಿಗೆ ಒತ್ತಿಕೊಂಡ ನೀಲಿ. ಆರಂಭದ ಅನೇಕ ಚಿತ್ರಗಳಲ್ಲಿ ಒಂದು ಪುಟ್ಟ ಕೆಂಪು ಚೌಕವಿರುತ್ತದೆ, ಉಳಿದ ಬಣ್ಣಗಳೆಲ್ಲ ಅದರ ಸುತ್ತ ಬಂದು ಕೂರುತ್ತವೆ. ಸಾಮಾನ್ಯವಾಗಿ ಒಂದು ಚಿತ್ರ ಒಂದೇ ಕೂರಿಕೆಯಲ್ಲಿ ಮುಗಿಯುತ್ತಿತ್ತು. ಮುಗಿದ ಮೇಲೆ ತಿದ್ದುಪಡಿಯಿಲ್ಲ.

ಚಾಕುವಿನ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ನಮ್ಮ ಪುಟದಲ್ಲಿ ಅಚ್ಚಾದ ಚಿತ್ರವನ್ನು ಇನ್ನೊಮ್ಮೆ ತೆಗೆದು ನೋಡಿ: ಬೆಟ್ಟದ ಬಲದ ಇಳುಕಲಿನಲ್ಲಿ ಹಸಿರು ಪಟ್ಟಿ ಮುಗಿಯುವ ಕಡೆ ಬಣ್ಣ ಒಂದು ದಪ್ಪ ತುಟಿಯಂತೆ ಎದ್ದು ನಿಂತಿದೆ. ಚಾಕು ಮೇಲೆದ್ದ ಜಾಗ ಅದು. ಹೊರಗೆರೆಯನ್ನು ಎಳೆದು ಆಮೇಲೆ ಬಣ್ಣ ತುಂಬುವ ಅಭ್ಯಾಸವಿದ್ದವರ ಕೈಯಲ್ಲಿ ಇಂಥ ಅಂಚು ಬರುವುದಿಲ್ಲ. ಶಿಕ್ಷಣವಿಲ್ಲದ್ದರಿಂದ ಅವರು ಗೆದ್ದರು ಎಂದು ಇದನ್ನು ಓದಿಕೊಳ್ಳಬೇಡಿ; ಯೂರೋಪಿನ ಆಧುನಿಕ ಚಿತ್ರಕಾರರಾದ ಪೌಲ್ ಕ್ಲೇಯನ್ನೂ ಕ್ಯಾಂಡಿನ್‌ಸ್ಕಿಯನ್ನೂ ಅವರು ಚೆನ್ನಾಗಿ ಅರಗಿಸಿಕೊಂಡಿದ್ದರು. ನಿಮ್ಮ ತರಗತಿಗಳನ್ನು ತಪ್ಪಿಸುವುದಕ್ಕೆ ಈ ಅಂಕಣ ನೆಪವಾಗದಿರಲಿ.

ಪ್ರಶ್ನೆ: ಅದ್ನಾನ್ ಮಡಿಕೆ ಪುಸ್ತಕಗಳನ್ನೂ ಮಾಡುತ್ತಿದ್ದರೆಂದು ಬೇರೆಡೆ ಓದಿದೆ. ಅವು ಯಾವ ಬಗೆಯವು?
— ನಿವೃತ್ತ ಗ್ರಂಥಪಾಲಕರು, ಮಂಗಳೂರು

ಉತ್ತರ: ಗ್ರಂಥಪಾಲಕರು ಕೇಳಬೇಕಾದ ಪ್ರಶ್ನೆಯೇ ಇದು. ಒಂದೇ ಉದ್ದನೆಯ ಕಾಗದವನ್ನು ಹಿಂದಕ್ಕೂ ಮುಂದಕ್ಕೂ ಮಡಿಸುತ್ತ ಹೋದರೆ, ಮುಚ್ಚಿದಾಗ ಕೈಪುಸ್ತಕವಾಗಿಯೂ ಬಿಚ್ಚಿದಾಗ ಹಲವು ಅಡಿ ಉದ್ದದ ಪಟ್ಟಿಯಾಗಿಯೂ ಕಾಣುತ್ತದೆ. ಹಾರ್ಮೋನಿಯಂ ತಿದಿಯನ್ನು ನೆನೆಯಿರಿ. ಯೂರೋಪಿನಲ್ಲಿ ಇದಕ್ಕೆ ಲೆಪೊರೆಲ್ಲೊ ಎಂದು ಹೆಸರು: ಮೊಟ್ಸಾರ್ಟನ ಸಂಗೀತನಾಟಕವೊಂದರಲ್ಲಿ ಸೇವಕ ಲೆಪೊರೆಲ್ಲೊ ತನ್ನ ಯಜಮಾನನ ಪ್ರೇಯಸಿಯರ ಪಟ್ಟಿಯನ್ನು ಬಿಚ್ಚುತ್ತ ಹೋಗುವ ದೃಶ್ಯದಿಂದ ಬಂದ ಹೆಸರು ಅದು. 1960ರ ದಶಕದ ಮೊದಲ ವರ್ಷಗಳಲ್ಲಿ ಸಾನ್ ಫ್ರಾನ್ಸಿಸ್ಕೊದ ಕೆಫೆಗಳಲ್ಲಿ ಕೂತು ಇಂಥ ಪುಸ್ತಕಗಳಲ್ಲಿ ರೇಖಾಚಿತ್ರ ಬರೆಯುತ್ತಿದ್ದ ರಿಕ್ ಬಾರ್ಟನ್ ಎಂಬ ಕಲಾವಿದರಿಂದ ಅದ್ನಾನರಿಗೆ ಇದು ಪರಿಚಯವಾಯಿತು.

ಅವರು ಮಾಡಿದ್ದು ಇಷ್ಟು: ಇರಾಕಿನ ಬದ್ರ್ ಶಾಕಿರ್ ಅಲ್-ಸಯ್ಯಾಬ್ ಮೊದಲಾದ ಆಧುನಿಕ ಅರಬ್ ಕವಿಗಳ ಪದ್ಯಗಳನ್ನು ತಮ್ಮ ಕೈಬರಹದಲ್ಲಿ ಮಡಿಕೆಗಳ ಉದ್ದಕ್ಕೂ ನಕಲಿಸಿ, ಸಾಲುಗಳ ನಡುವೆ ಜಲವರ್ಣವನ್ನೂ ಶಾಯಿಯ ಗುರುತುಗಳನ್ನೂ ಹರಿಯಬಿಟ್ಟರು. ಅರಬ್ಬಿ ಲಿಪಿಕಲೆಗೆ ಶತಮಾನಗಳ ಕಟ್ಟುನಿಟ್ಟಾದ ಅಳತೆಯ ನಿಯಮಗಳಿವೆ. ಅದ್ನಾನರ ಅಕ್ಷರ ಅವುಗಳಲ್ಲಿ ಯಾವುದನ್ನೂ ಪಾಲಿಸುವುದಿಲ್ಲ. ಅದು ಶಾಲೆಯ ಹುಡುಗಿಯ ಅಕ್ಷರ, ತಂದೆಯ ಮೇಜಿನ ಮುಂದೆ ಕೂತವಳ ಅಕ್ಷರ. ಭಾಷೆಯನ್ನು ಪೂರ್ತಿ ಬಲ್ಲವರ ಕಣ್ಣು ಪದದ ಮೇಲೆ ಜಾರಿಕೊಂಡು ಅರ್ಥಕ್ಕೆ ಹೋಗಿಬಿಡುತ್ತದೆ. ಅರೆಬರೆ ಬಲ್ಲವರು ಪದದ ಆಕಾರದಲ್ಲೇ ತಂಗಬೇಕಾಗುತ್ತದೆ. ಆ ತಂಗುವಿಕೆ ಈ ಪುಸ್ತಕಗಳಲ್ಲಿ ಕಣ್ಣಿಗೆ ಕಾಣುತ್ತದೆ, ಮತ್ತು ನನ್ನ ಮಟ್ಟಿಗೆ ಅವರ ಒಟ್ಟು ಕೆಲಸದಲ್ಲಿ ಇವೇ ಅತ್ಯುತ್ತಮ.

ನಮ್ಮ ‘ಕಡತ’ ನಿಮಗೆ ನೆನಪಾಗಿರಬಹುದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಇದೇ ರೀತಿ ಮಡಿಸಿ, ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ಕಾಲವಿತ್ತು. ಈಗ ಆ ಪದ ಕಚೇರಿಯ ಫೈಲಿಗೆ ಅಂಟಿಕೊಂಡು ಮಡಿಕೆ ಮರೆತೇಹೋಗಿದೆ. ಎರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ, ರೂಪದ ಹೋಲಿಕೆ ಮಾತ್ರ.

ಪ್ರಶ್ನೆ: ಫ್ರೆಂಚಿನಲ್ಲಿ ಬರೆಯುವುದಿಲ್ಲ ಎಂದವರು ತಮ್ಮ ಪ್ರಸಿದ್ಧ ಕಾದಂಬರಿಯನ್ನು ಫ್ರೆಂಚಿನಲ್ಲಿಯೇ ಬರೆದರಲ್ಲ? ಇದು ಮಾತು ತಪ್ಪಿದಂತಲ್ಲವೇ?
— ಇಂಗ್ಲಿಷ್ ಅಧ್ಯಾಪಕರು, ಮೈಸೂರು

ಉತ್ತರ: ತಪ್ಪಿದಂತೆಯೇ, ಆದರೆ ನಡುವೆ ಏನಾಯಿತೆಂಬುದನ್ನು ನೋಡಬೇಕು. ಅಲ್ಜೀರಿಯಾ 1962ರಲ್ಲಿ ಸ್ವತಂತ್ರವಾಯಿತು. ಮತ್ತೆ ಶಬ್ದಗಳಿಗೆ ಮರಳಲು ಅವರಿಗೆ ಕಾರಣವಾದದ್ದು ಇನ್ನೊಂದು ಯುದ್ಧ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಅಮೆರಿಕದ ಕವಿಗಳು ಬರೆಯುತ್ತಿದ್ದಾಗ ಅವರ ಜತೆ ಸೇರಿ ಅದ್ನಾನ್ ಇಂಗ್ಲಿಷಿನಲ್ಲಿ ಕವಿತೆ ಬರೆದರು. ‘ಮೂನ್‌ಶಾಟ್ಸ್’ ಎಂಬ ಮೊದಲ ಸಂಕಲನ 1966ರಲ್ಲಿ ಬಂತು. ಬಾಲ್ಯದ ಶಿಕ್ಷೆಯ ನೆನಪು ಅಂಟದ ಭಾಷೆ ಅವರಿಗೆ ಇಂಗ್ಲಿಷೊಂದೇ ಆಗಿತ್ತೆಂಬುದನ್ನು ಗಮನಿಸಿ. ನಮ್ಮಲ್ಲಿ ಅನೇಕರ ಅನುಭವ ಇದಕ್ಕೆ ತಿರುಗುಮುರುಗು.

1972ರಲ್ಲಿ ಕಾಲೇಜಿನ ಕೆಲಸ ಬಿಟ್ಟು ಬೈರೂತಿಗೆ ಮರಳಿದರು. ಅಲ್ಲಿ ‘ಅಲ್-ಸಫಾ’ ಎಂಬ ಫ್ರೆಂಚ್ ಭಾಷೆಯ ದಿನಪತ್ರಿಕೆಗೆ ಸಾಂಸ್ಕೃತಿಕ ಸಂಪಾದಕಿಯಾದರು, ಆಮೇಲೆ ‘ಲೋರಿಯಾಂ ಲ ಜೂರ್’ ಪತ್ರಿಕೆಯಲ್ಲಿ ಬರೆದರು. ದಿನಬೆಳಗಾದರೆ ಪತ್ರಿಕೆಗೆ ಬರೆಯಬೇಕಾದವರಿಗೆ ಭಾಷೆಯ ಮೇಲೆ ಮುನಿಸಿಕೊಂಡು ಕೂರುವ ವಿರಾಮವಿರುವುದಿಲ್ಲ. 1975ರಲ್ಲಿ ಲೆಬನಾನಿನ ಅಂತರ್ಯುದ್ಧ ಹೊತ್ತಿಕೊಂಡಿತು. ಪ್ಯಾಲೆಸ್ತೀನಿ ನಿರಾಶ್ರಿತರ ನೆರವಿಗೆ ನಿಂತಿದ್ದ ಮಾರಿ ರೋಸ್ ಬುಲೋಸ್ ಎಂಬ ಕ್ರೈಸ್ತ ಮಹಿಳೆಯನ್ನು ಕ್ರೈಸ್ತ ಸಶಸ್ತ್ರ ಪಡೆಯವರೇ ಅಪಹರಿಸಿ ಕೊಂದರು. ಆ ಸುದ್ದಿಯಿಂದ ಹುಟ್ಟಿದ ‘ಸಿತ್ ಮಾರಿ ರೋಸ್’ ಕಾದಂಬರಿ 1977ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು. ಅದರ ನಾಯಕಿ ಕಿವುಡು-ಮೂಕ ಮಕ್ಕಳ ಶಾಲೆಯ ಅಧ್ಯಾಪಕಿ. ಅವಳನ್ನು ವಿಚಾರಣೆ ಮಾಡಿ ಕೊಲ್ಲುವವರಲ್ಲಿ ಅವಳ ಹದಿಹರೆಯದ ದಿನಗಳ ಗೆಳೆಯನೂ ಇದ್ದಾನೆ, ಒಬ್ಬ ಪಾದ್ರಿಯೂ ಇದ್ದಾನೆ. ಒಬ್ಬೊಬ್ಬರೂ ತಂತಮ್ಮ ದನಿಯಲ್ಲಿ ಮಾತಾಡುತ್ತ ಹೋಗುವ ಆ ಪುಸ್ತಕದಲ್ಲಿ ಮಾತಾಡಲಾಗದ ಮಕ್ಕಳಿಗೂ ‘ನಾವು’ ಎಂಬ ದನಿಯೊಂದನ್ನು ಕೊಟ್ಟಿದ್ದಾರೆ. ಕೇಳಲಾಗದವರು, ಹೇಳಲಾಗದವರು ಅಲ್ಲಿ ಸಾಕ್ಷಿಗಳು. ಭಾಷೆಗಳ ನಡುವೆ ಸಿಕ್ಕಿಕೊಂಡಿದ್ದ ಲೇಖಕಿಗೆ ಈ ಉಪಾಯ ಸುಮ್ಮನೆ ಹೊಳೆದದ್ದಾಗಿರಲಾರದು.

ಮಾತು ಕೈಕೊಟ್ಟಲ್ಲಿ ರೇಖೆ ನೆರವಿಗೆ ಬಂದದ್ದನ್ನು ನೇರವಾಗಿ ನೋಡಬೇಕೆಂದರೆ ‘ಅರಬ್ ಅಪೊಕ್ಯಾಲಿಪ್ಸ್’ ಎಂಬ ದೀರ್ಘಕಾವ್ಯವನ್ನು ತೆರೆಯಿರಿ. 1980ರಲ್ಲಿ ಫ್ರೆಂಚಿನಲ್ಲಿ ಬಂದದ್ದನ್ನು 1989ರಲ್ಲಿ ಅವರೇ ಇಂಗ್ಲಿಷಿಗೆ ತಂದರು. ಐವತ್ತೊಂಬತ್ತು ಭಾಗಗಳ ಆ ಕಾವ್ಯದಲ್ಲಿ ಸೂರ್ಯ ಒಮ್ಮೆ ಹಳದಿ, ಒಮ್ಮೆ ಹಸಿರು, ಒಮ್ಮೆ ಕೆಂಪು. ಸಾಲು ಓಡುತ್ತ ಓಡುತ್ತ ನಡುವೆ ಮುಗ್ಗರಿಸಿದಾಗ ಅಲ್ಲಿ ಪದವಿಲ್ಲ, ಕೈಯಿಂದ ಗೀಚಿದ ಒಂದು ಬಾಣ, ಒಂದು ಸುರುಳಿ, ಒಂದು ಚುಕ್ಕೆಗುಂಪು ಇರುತ್ತದೆ. ಅಚ್ಚುಮೊಳೆಗಳ ನಡುವೆ ಅವನ್ನು ಹಾಗೆಯೇ ಮುದ್ರಿಸಿದ್ದಾರೆ. ಜೋರಾಗಿ ಓದುವವರು ಆ ಗುರುತು ಬಂದಲ್ಲಿ ನಿಲ್ಲಲೇಬೇಕು.

ಪ್ರಶ್ನೆ: ಇಷ್ಟು ಭೀಕರ ಯುದ್ಧಗಳ ಬಗ್ಗೆ ಬರೆದವರ ಚಿತ್ರಗಳಲ್ಲಿ ಮಾತ್ರ ಏಕೆ ಇಷ್ಟೊಂದು ಉಲ್ಲಾಸ? ಬೆಟ್ಟ, ಕಡಲು, ಸೂರ್ಯ ಬಿಟ್ಟರೆ ಇನ್ನೇನೂ ಇಲ್ಲ. ನನಗಿದು ತಪ್ಪಿಸಿಕೊಳ್ಳುವಿಕೆಯಂತೆ ಕಂಡಿತು.
— ಒಬ್ಬ ಓದುಗರು, ಬೆಂಗಳೂರು

ಉತ್ತರ: ಕಂಡದ್ದನ್ನು ಬರೆಯುತ್ತೇನೆ, ನಾನೇನಾಗಿದ್ದೇನೋ ಅದನ್ನು ಚಿತ್ರಿಸುತ್ತೇನೆ ಎಂಬರ್ಥದ ಮಾತನ್ನು ಅವರು ಹೇಳಿದ್ದುಂಟು. ಆ ಉತ್ತರ ನನಗೆ ಪೂರ್ತಿ ಸಮಾಧಾನ ತಂದಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಕಲಾವಿದರು ತಮ್ಮನ್ನು ಹೀಗೆ ಎರಡು ಪೆಟ್ಟಿಗೆಗಳಲ್ಲಿ ಇಟ್ಟು ತೋರಿಸಿದಾಗ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಆ ಬೆಟ್ಟವನ್ನಾದರೂ ಗಮನಿಸಿ. ಅದು ಸಾನ್ ಫ್ರಾನ್ಸಿಸ್ಕೊ ನಗರದ ಉತ್ತರಕ್ಕಿರುವ ತಮಲ್‌ಪಾಯಿಸ್, ಎತ್ತರ ಸುಮಾರು 785 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧಕ್ಕಿಂತ ಕಡಿಮೆ. ಹತ್ತಿರದ ಸಾಸಲಿಟೊ ಊರಿನ ಮನೆಯಿಂದ ಅದು ಅವರಿಗೆ ದಿನವೂ ಕಾಣುತ್ತಿತ್ತು. ಅವರು ಅದನ್ನು ಚಿತ್ರಿಸಿದ್ದು ಒಮ್ಮೆಯಲ್ಲ, ಹತ್ತು ಸಲವಲ್ಲ, ದಶಕಗಟ್ಟಲೆ. ಬಿಟ್ಟುಬಂದ ಊರಿನಲ್ಲಿ ಬೀದಿಗಳು ಉರುಳುತ್ತಿದ್ದಾಗ ಎದುರಿಗೆ ಅಲ್ಲಾಡದೆ ನಿಂತದ್ದು ಅದೊಂದೇ. ಬೆಟ್ಟ ಅಲ್ಲಾಡದಿದ್ದರೂ ಅದರ ಬಣ್ಣ ಗಂಟೆಗೊಮ್ಮೆ ಬದಲಾಗುತ್ತಿತ್ತು, ಮತ್ತು ಅವರು ಹಿಡಿದದ್ದು ಆ ಬದಲಾವಣೆಯನ್ನು. ಇದು ತಪ್ಪಿಸಿಕೊಳ್ಳುವಿಕೆಯೆಂದು ನೀವು ಇನ್ನೂ ಹೇಳಬಹುದು. ನಾನು ಅದನ್ನು ಕಾವಲು ಎನ್ನುತ್ತೇನೆ.

ಪ್ರಶ್ನೆ: ಎಂಬತ್ತೇಳು ವರ್ಷ ಆಗುವವರೆಗೂ ಅವರನ್ನು ಯಾರೂ ಗುರುತಿಸಲಿಲ್ಲವೇ?
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಆ ವಾಕ್ಯ ನಮ್ಮ ಟಿಪ್ಪಣಿಯ ಅತಿಶಯೋಕ್ತಿ. 1960ರ ದಶಕದಿಂದಲೇ ಅವರ ಚಿತ್ರಗಳು ಪ್ರದರ್ಶನಗೊಳ್ಳುತ್ತಿದ್ದವು. ಅರಬ್ ಜಗತ್ತಿನ ಓದುಗರಿಗೂ ಅಮೆರಿಕದ ಕಾವ್ಯವಲಯಕ್ಕೂ ಅವರು ಅಪರಿಚಿತರಾಗಿರಲಿಲ್ಲ. ತಡವಾಗಿ ಎಚ್ಚರಗೊಂಡದ್ದು ಯೂರೋಪ್ ಮತ್ತು ನ್ಯೂಯಾರ್ಕಿನ ದೊಡ್ಡ ಕಲಾಸಂಸ್ಥೆಗಳು. ಜರ್ಮನಿಯ ಕಾಸೆಲ್ ನಗರದಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ‘ಡಾಕ್ಯುಮೆಂಟಾ’ ಪ್ರದರ್ಶನದ 2012ರ ಆವೃತ್ತಿಯಲ್ಲಿ ಅವರ ಪುಟ್ಟ ಕ್ಯಾನ್ವಾಸುಗಳು ಸಾಲಾಗಿ ತೂಗಿದ ಮೇಲೆ ಬಾಗಿಲುಗಳು ಒಂದರ ಹಿಂದೊಂದು ತೆರೆದವು: 2014ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದ ದ್ವೈವಾರ್ಷಿಕ ಪ್ರದರ್ಶನ ಮತ್ತು ದೋಹಾದ ಮತಾಫ್ ಸಂಗ್ರಹಾಲಯ, 2016ರಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿ, 2021ರಲ್ಲಿ ನ್ಯೂಯಾರ್ಕಿನದೇ ಸಂಗ್ರಹಾಲಯವಾದ ಗುಗನ್‌ಹೈಮ್. ಗುಗನ್‌ಹೈಮಿನ ಪ್ರದರ್ಶನ ಇನ್ನೂ ನಡೆಯುತ್ತಿರುವಾಗಲೇ ಅವರು ನವೆಂಬರಿನಲ್ಲಿ ತೀರಿಕೊಂಡರು. ಕವಿತೆಗೆ ಗ್ರಿಫಿನ್ ಪ್ರಶಸ್ತಿ ಬಂದದ್ದು ಅದಕ್ಕೆ ಹಿಂದಿನ ವರ್ಷ.

ಈ ಪಟ್ಟಿಗಿಂತ ನನಗೆ ಮುಖ್ಯವೆನಿಸುವುದು ಅದಕ್ಕೂ ಮುಂಚಿನ ಮೂವತ್ತು ವರ್ಷ. ಡಮಾಸ್ಕಸ್ಸಿನಲ್ಲಿ ಹುಟ್ಟಿದ ಕಲಾವಿದೆ ಸಿಮೊನ್ ಫತ್ತಾಲ್ 1970ರ ದಶಕದ ಬೈರೂತಿನಲ್ಲಿ ಅದ್ನಾನರಿಗೆ ಪರಿಚಯವಾಗಿ ಕೊನೆಯವರೆಗೂ ಬಾಳಸಂಗಾತಿಯಾಗಿದ್ದವರು. ಇಬ್ಬರೂ ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಫತ್ತಾಲ್ ‘ಪೋಸ್ಟ್-ಅಪೊಲೊ ಪ್ರೆಸ್’ ಎಂಬ ಸಣ್ಣ ಪ್ರಕಾಶನವನ್ನು 1982ರಲ್ಲಿ ಆರಂಭಿಸಿದರು. ‘ಸಿತ್ ಮಾರಿ ರೋಸ್’ ಇಂಗ್ಲಿಷಿನಲ್ಲಿ ಬಂದದ್ದು ಅಲ್ಲಿಂದ, ‘ಅರಬ್ ಅಪೊಕ್ಯಾಲಿಪ್ಸ್’ ಬಂದದ್ದೂ ಅಲ್ಲಿಂದ. ಚಿಹ್ನೆಗಳನ್ನು ಸಾಲಿನ ನಡುವೆ ಕೂರಿಸಿ ಅಚ್ಚುಹಾಕುವ ತಲೆನೋವಿಗೆ ಯಾವ ದೊಡ್ಡ ಪ್ರಕಾಶಕರು ಕೈಹಾಕುತ್ತಿದ್ದರೋ ತಿಳಿಯದು. ಸ್ವಂತ ದುಡ್ಡಿನಲ್ಲಿ ಪುಸ್ತಕ ಅಚ್ಚುಹಾಕಿಸಿ ಹೆಗಲ ಚೀಲದಲ್ಲಿ ಹೊತ್ತು ಮಾರಿದ ಲೇಖಕರ ಪರಂಪರೆಯುಳ್ಳ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಕೊನೆಗೆ ಅವರನ್ನು ಯಾವ ದೇಶದವರೆಂದು ಲೆಕ್ಕಹಾಕಬೇಕು?
— ಒಬ್ಬ ಕನ್ನಡಿಗರು, ಶಾರ್ಜಾ

ಉತ್ತರ: ಸಂಗ್ರಹಾಲಯಗಳ ಫಲಕಗಳಲ್ಲಿ ‘ಲೆಬನಾನ್-ಅಮೆರಿಕನ್’ ಎಂದಿರುತ್ತದೆ. ಸಾಕು.

ಪ್ರಶ್ನೆ: ಅವರ ಪುಸ್ತಕಗಳಲ್ಲಿ ಮೊದಲು ಯಾವುದನ್ನು ಓದಲಿ?
— ಪದವಿ ವಿದ್ಯಾರ್ಥಿ, ತುಮಕೂರು

ಉತ್ತರ: ‘ಜರ್ನಿ ಟು ಮೌಂಟ್ ತಮಲ್‌ಪಾಯಿಸ್’ (1986). ಪುಟಗಳು ಕಡಿಮೆ, ಇಂಗ್ಲಿಷ್ ತಿಳಿಯಾಗಿದೆ, ನಡುನಡುವೆ ಅವರದೇ ರೇಖಾಚಿತ್ರಗಳಿವೆ. ಚಿತ್ರ ಬರೆಯುವಾಗ ತಲೆಯೊಳಗೆ ಏನು ನಡೆಯುತ್ತದೆ ಎಂಬುದರ ಬಗ್ಗೆ ಚಿತ್ರಕಾರರೊಬ್ಬರು ಇಷ್ಟು ನಿಚ್ಚಳವಾಗಿ ಬರೆದದ್ದು ವಿರಳ. ಆಮೇಲೆ ಕಾದಂಬರಿ, ಕೊನೆಗೆ ದೀರ್ಘಕಾವ್ಯ. ಓದುವಾಗ ನಮ್ಮ ಕಳೆದ ಸಂಚಿಕೆಯ ಕಲಾಪುಟವನ್ನು ಪಕ್ಕದಲ್ಲಿ ಇಟ್ಟುಕೊಳ್ಳಬಹುದು. ಆಯಾಸದ ದೂರಪ್ರಯಾಣ ಮೈಗೆ ಒಗ್ಗದೆ ಪ್ಯಾರಿಸ್ಸಿನಲ್ಲೇ ಉಳಿದ ಇಳಿವಯಸ್ಸಿನಲ್ಲಿಯೂ ಅವರು ಆ ಬೆಟ್ಟವನ್ನು ನೆನಪಿನಿಂದ ಬರೆಯುತ್ತಲೇ ಇದ್ದರು.